ನೂರೆಂಟು ಸುತ್ತಿನ ಸ್ಥಾನಪಲ್ಲಟ

ಪಿಯುಸಿಯ ಭೌತಶಾಸ್ತ್ರದಲ್ಲಿ ನಾನು ಮೂವತ್ತಾರು ಅಂಕ ತೆಗೆದವನು. ಪಾಸಾಗಲು ಮೂವತ್ತೈದು ಸಾಕಿತ್ತು. ಅಂದರೆ ಅಗತ್ಯಕ್ಕಿಂತ ಒಂದು ಅಂಕದಷ್ಟು ಜ್ಞಾನ ನನ್ನಲ್ಲಿ ಮಿಕ್ಕಿತ್ತು. ಅದನ್ನು ಒಂಬತ್ತನೇ ತರಗತಿಯ ಮಗಳು ಇಂಚರಾಗೆ ಧಾರೆ ಎರೆಯಲು ೧೯೯೬ರ ಒಂದು ಶನಿವಾರ ಬೆಳಗ್ಗೆ ಟೊಂಕ ಕಟ್ಟಿ ನಿಂತೆ! ಸೋಮವಾರ ಅವಳಿಗೆ ಟೆಸ್ಟು.

“ಒಂದು ವಸ್ತುವಿನ ಸ್ಥಾನ ಹೇಳೋಕೆ ಇನ್ನೊಂದು ಗುರುತು ಬೇಕು. ಈಗ ನಮ್ಮನೆ ಎಲ್ಲಿದೆ?” ಎಂದೆ.

“ಶಂಭುಲಿಂಗಪ್ಪನೋರ ಮನೆ ಪಕ್ಕ.”

“ಭೇಷ್. ಅವರ ಮನೆ ಎಲ್ಲಿದೆ?”

“ನಮ್ಮನೆ ಪಕ್ಕ. ಎರಡೂ ಸೇರಿ ಎಲ್ಲಿದೆ ಅಪ್ಪ?”

ಬಸವನಗುಡಿಯಲ್ಲೇ ಹುಟ್ಟಿ ಬೆಳೆದ ನನಗೆ ಆ ಕ್ಷಣ ನಮ್ಮ ಮನೆ ಎಲ್ಲಿದೆ ಎಂದು ಹೊಳೆಯಲಿಲ್ಲ. ಕಣ್ಣಾರೆ ತೋರಿಸಿದರೆ ಸರಿಹೋದೀತೆಂದು ಅವಳನ್ನು ಬೀದಿ ಕೊನೆಯ ಆಂಜನೇಯನ ಗುಡಿಗೆ ಕರೆದುಕೊಂಡು ಹೋದೆ.

ಅಲ್ಲಿ ನನ್ನ ಹೆಂಡತಿ ಗೋದಾ ನೂರೆಂಟು ಪ್ರದಕ್ಷಿಣೆಯ ಹರಕೆ ತೀರಿಸುತ್ತಿದ್ದಳು. ನನಗೆ ಬೀದರಿಗೆ ವರ್ಗವಾಗಿತ್ತು. ಅದು ರದ್ದಾಗಲೆಂದು ಹರಕೆ. ಮುಗಿಯುವವರೆಗೆ ಮೌನ. ಸುತ್ತಿಗೊಂದರಂತೆ ಬುಟ್ಟಿಯಿಂದ ಕಣಗಿಲೆ ಹೂ ತೆಗೆದು ಕಟ್ಟೆಯ ಮೇಲೆ ಇಡುತ್ತಿದ್ದಳು. ಬುಟ್ಟಿಯಲ್ಲಿ ಎಷ್ಟು ಹೂವಿತ್ತೋ ಯಾರೂ ಎಣಿಸಿರಲಿಲ್ಲ. ಕಟ್ಟೆಯ ಮೇಲಿನ ಹೂವೇ ಅವಳ ಲೆಕ್ಕ.

“ನೋಡು, ಅಮ್ಮ ಒಂದು ಸುತ್ತಿಗೆ ಅರವತ್ತು ಮೀಟರ್ ನಡೀತಾಳೆ ಅಂತಿಟ್ಕೋ. ಅದು ದೂರ. ಹೊರಟ ಜಾಗಕ್ಕೇ ಬಂದ್ಲಲ್ಲ, ಹಾಗಾಗಿ ಸ್ಥಾನಪಲ್ಲಟ ಸೊನ್ನೆ.”

“ಹಾಗಾದ್ರೆ ಅರ್ಧ ಸುತ್ತಿಗೆ ಅರ್ಧ ಸೊನ್ನೆನಾ?”

ನನ್ನ ಮಿಕ್ಕಿದ್ದ ಒಂದು ಅಂಕ ಅಲ್ಲಿಗೆ ಖರ್ಚಾಯಿತು. ಆದರೂ ತೋರಗೊಡದೆ, ಕಟ್ಟೆಯ ಮೇಲಿನ ಹೂವನ್ನು ಬಾಚಿಕೊಂಡು ಗುಡಿಯ ಸುತ್ತ ಒಂದೊಂದಾಗಿ ಇಡುತ್ತ ಹೋದೆ. ಇದು ಹೊರಟ ಸ್ಥಾನ, ಇದು ಕಾಲು ಸುತ್ತು, ಇದು ಅರ್ಧ. ತಪ್ಪಿದಾಗ ಒಂದಷ್ಟನ್ನು ಬುಟ್ಟಿಗೂ ಹಾಕಿದೆ. ಎದುರಿಗೆ ಬಂದ ಗೋದಾ ಹುಬ್ಬೇರಿಸಿದಳು. ಮುಂದಿನ ಸುತ್ತಿನಲ್ಲಿ ಬೆರಳು ಆಡಿಸಿದಳು.

“ಅಮ್ಮ ಏನೋ ಹೇಳ್ತಿದಾಳೆ ಅಪ್ಪ.”

“ನನ್ನ ಪಾಠ ಚೆನ್ನಾಗಿದೆ ಅಂತಿದಾಳೆ, ನೀನು ಇಲ್ಲಿ ನೋಡು.”

“ಓ, ಈ ಹೂವಿಂದ ಆ ಹೂವಿಗೆ ನೇರವಾಗಿ ಅಳೀಬೇಕು! ಅರ್ಧ ಸುತ್ತಿಗೇ ಜಾಸ್ತಿ ಬರತ್ತೆ,” ಎಂದಳು ಇಂಚರಾ. ಅವಳಿಗೆ ಅರ್ಥವಾಗಿತ್ತು. ನನಗೆ ಆಗಿರಲಿಲ್ಲ.

ಅಷ್ಟರಲ್ಲಿ ಗೋದಾಳ ಮೌನ ಮುರಿಯಿತು.

“ರೀ, ನನ್ನ ಹೂವೆಲ್ಲಿ? ಎಷ್ಟಾಗಿತ್ತು ಈಗ?”

ಅರ್ಚಕ ಶೀನಣ್ಣ ಗರ್ಭಗುಡಿಯಿಂದಲೇ ತೀರ್ಪು ಕೊಟ್ಟರು. “ಲೆಕ್ಕ ತಪ್ಪಿದ ಮೇಲೆ ಮೊದಲಿಂದ ಸುತ್ತಬೇಕಮ್ಮ.”

ಸಮಾಧಾನ ಮಾಡಲು ಹೋದೆ. “ಎಂಬತ್ತಾದ್ರೇನು, ತೊಂಬತ್ತಾದ್ರೇನು ಗೋದಾ? ಹೇಗೂ ಸ್ಥಾನಪಲ್ಲಟ ಸೊನ್ನೆ.”

“ಹಾಗಂದ್ರೆ?”

“ಎಷ್ಟು ಸುತ್ತಿದ್ರೂ ಇದ್ದಲ್ಲೇ ಇರೋದು ಅಮ್ಮ,” ಎಂದಳು ಇಂಚರಾ.

“ನಾನು ದೇವರ ಹತ್ರ ಕೇಳ್ತಿರೋದೂ ಅದನ್ನೇ. ನೀವು ಇದ್ದಲ್ಲೇ ಇರ್ಲಿ ಅಂತ.” ಗೋದಾ ಕಟ್ಟೆಯ ಮೇಲೆ ಕೂತು ಬುಟ್ಟಿಯನ್ನು ನನ್ನ ಕೈಗಿಟ್ಟಳು. “ನೂರೆಂಟೂ ನೀವೇ ಸುತ್ತಿ.”

ಸುತ್ತಿದೆ. ಐವತ್ತನೆಯದಕ್ಕೆ ಮಂಡಿ ನೋಯತೊಡಗಿತು, ತೊಂಬತ್ತಕ್ಕೆ ಗುಡಿಯೇ ನನ್ನನ್ನು ಸುತ್ತತೊಡಗಿತು. ಇಂಚರಾ ಹೂ ಎಣಿಸಿ ಆರೂವರೆ ಕಿಲೋಮೀಟರು ಆಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಟೆಸ್ಟಿನಲ್ಲಿ ಅವಳಿಗೆ ಇಪ್ಪತ್ತಕ್ಕೆ ಇಪ್ಪತ್ತು.

ವರ್ಗ ಮಾತ್ರ ರದ್ದಾಗಲಿಲ್ಲ. ತಿಂಗಳ ಕೊನೆಗೆ ಟ್ರಂಕು, ಹಾಸಿಗೆಯ ಸುರುಳಿ, ಗೋದಾ ಕೊಟ್ಟ ಚಟ್ನಿಪುಡಿ ಹೊತ್ತು ಬಸ್ಸು ಹತ್ತಿದೆ. ಅವಳು ಅತ್ತಳು, ನನಗೂ ಅಳು ಬಂತು. ಮರುದಿನ ಬೀದರಿನ ಕಚೇರಿಗೆ ಕಾಲಿಟ್ಟರೆ ಅಲ್ಲಿನ ಮ್ಯಾನೇಜರ್ ಸಿದ್ದಬಸಪ್ಪನವರು ಫೋನಿನ ರಿಸೀವರ್ ಕೆಳಗಿಡುತ್ತ, “ಕೂಡ್ರಿ ಸಾಹೇಬ್ರ, ಚಾ ಕುಡೀರಿ. ನಿಮ್ಮ ಆರ್ಡರ್ ಈಗಷ್ಟೇ ಕ್ಯಾನ್ಸಲ್ ಆತು, ವಾಪಸ್ ಹೋಗ್ರಿ,” ಎಂದರು.

ಅದೇ ಟ್ರಂಕು, ಅದೇ ಸುರುಳಿ. ಬಿಚ್ಚದ ಚಟ್ನಿಪುಡಿಯೊಂದಿಗೆ ಮನೆಯ ಬಾಗಿಲಿಗೆ ಬಂದು ಕುಸಿದು ಕೂತೆ.

“ಹೋಗಿ ಬರೋಕೆ ಸಾವಿರದ ನಾನೂರು ಕಿಲೋಮೀಟರ್ ಕಣೇ! ಬೆನ್ನು ಮುರಿದೋಯ್ತು. ಎಂಥ ದೇವರು ನಿಂದು?”

ಗೋದಾ ಕಾಫಿ ಲೋಟ ಮುಂದಿಟ್ಟು ತಣ್ಣಗೆ ಹೇಳಿದಳು. “ದೇವರನ್ಯಾಕೆ ಅಂತೀರಿ? ಸೊನ್ನೆ ಕೇಳಿದ್ವಿ, ಸೊನ್ನೆನೇ ಕೊಟ್ಟಿದಾನೆ. ಸುತ್ತಿದೋರು ನೀವು. ದೂರ ಎಷ್ಟಿರ್ಬೇಕು ಅಂತ ನೀವೇ ಹೇಳ್ಬೇಕಿತ್ತು.”