ಬಾಣಂತಿ ಕೋಣೆಯಲ್ಲಿ ಗಾಜಿನ ಜಾಡಿ

ನಾಲ್ಕು ಜನ ಸಾಲಾಗಿ ಕೂತದ್ದು ಕಂಡರೆ ಸಾಕು, ಮೇಷ್ಟರಾದವನಿಗೆ ಬಾಯಿ ತುರಿಸತೊಡಗುತ್ತದೆ. ಮದುವೆಯ ಪಂಕ್ತಿಯಲ್ಲಿ ಸಾರಿನ ಆವಿ ಮೇಲಕ್ಕೇ ಏಕೆ ಹೋಗುತ್ತದೆಂದು ವಿವರಿಸಲು ಹೋಗಿ, ಪಕ್ಕದವರಿಂದ ‘ಸಾರು ಆರ್ತದೆ, ಉಣ್ರೀ ಸ್ವಾಮಿ’ ಎನ್ನಿಸಿಕೊಂಡವನು ನಾನು. ಇಂಥವನ ಬಳಿಗೆ ತರೀಕೆರೆ ಆಸ್ಪತ್ರೆಯ ಡಾಕ್ಟರಮ್ಮನೇ ಬಂದು, ‘ಮೇಷ್ಟ್ರೇ, ಸೂಲಗಿತ್ತಿ ಕೆಲಸ ಕಲಿಯೋಕೆ ಒಂದಷ್ಟು ಹೆಂಗಸರು ಬಂದಿದಾರೆ. ಏನು ಮಾಡ್ಬೇಕು ಅಂತ ನಾನು ಹೇಳಿಕೊಡ್ತೀನಿ, ಯಾಕೆ ಮಾಡ್ಬೇಕು ಅನ್ನೋ ವಿಜ್ಞಾನ ನೀವು ಹೇಳಿಕೊಡಿ’ ಎಂದರೆ ನನ್ನ ಸಂತೋಷವನ್ನು ಏನೆಂದು ಹೇಳಲಿ! ಅಮಲ್ದಾರರ ಹುದ್ದೆ ಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ಆ ಹೆಂಗಸರಲ್ಲಿ ಅಜ್ಜಂಪುರದ ರಂಗಮ್ಮ ಒಬ್ಬಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆ ಸೇರಿದ್ದವಳು. ಪರೀಕ್ಷೆ ಮಾಡಲು ಮೈಸೂರಿನಿಂದ ದೊಡ್ಡ ಡಾಕ್ಟರು ಬರುವವರಿದ್ದರು. ಪಾಸಾದರೆ ಅವಳಿಗೆ ತನ್ನೂರಲ್ಲೇ ಸರ್ಕಾರಿ ಕೆಲಸ, ಇಲ್ಲದಿದ್ದರೆ ಮತ್ತೆ ಅತ್ತಿಗೆಯ ಹಂಗು. ನಾನೋ, ಕರಿಹಲಗೆಯ ತುಂಬ ಗಾಳಿಯಲ್ಲಿ ಏನೇನಿದೆಯೆಂದು ಬರೆದು, ಗಂಟಲು ಹರಿಯುವಂತೆ ಪಾಠ ಮಾಡಿದೆ. ಕೊನೆಗೆ, ‘ಬಾಣಂತಿ ಕೋಣೆಯ ಕಿಟಕಿ ಯಾಕೆ ತೆಗೀಬೇಕು, ರಂಗಮ್ಮ?’ ಎಂದರೆ, ‘ತೆಗೀದಿದ್ರೆ ಡಾಕ್ಟರಮ್ಮ ಬಯ್ತಾರೆ ಸ್ವಾಮಿ’ ಎಂದಳು. ಹಿಂದೆ ನಿಂತಿದ್ದ ಡಾಕ್ಟರಮ್ಮ ನಕ್ಕುಬಿಟ್ಟರು. ‘ನಿಮ್ಮ ಪಾಠ ಒಂದು ಕಡೆ, ನನ್ನ ಕೆಲಸ ಒಂದು ಕಡೆ ಆದ್ರೆ ಹಿಂಗೇ ಮೇಷ್ಟ್ರೇ. ಬಾಣಂತಿ ಕೋಣೆಯಲ್ಲೇ ಪಾಠ ಮಾಡಿ, ನೋಡೋಣ’ ಎಂದರು.

ಬಾಣಂತಿ ಕೋಣೆ ಎಲ್ಲಿಂದ ತರಲಿ? ನಮ್ಮ ಮನೆಯಲ್ಲೇ ಇತ್ತು! ನನ್ನ ಹೆಂಡತಿಗೆ ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನವೆಲ್ಲ ನಮ್ಮಮ್ಮನದೇ. ಅಮ್ಮ ಕಿಟಕಿಗೆ ಗೋಣಿತಾಟು ತುರುಕಿ, ಬಾಗಿಲ ಸಂದಿಗೆ ಹಳೇ ಸೀರೆ ಒತ್ತಿ, ಒಳಗೆ ಅಗ್ಗಿಷ್ಟಿಕೆಯಲ್ಲಿ ನಿಗಿನಿಗಿ ಕೆಂಡ ಇಟ್ಟಿದ್ದಳು. ಕೆಮ್ಮಣ್ಣುಗುಂಡಿ ಕಡೆಯಿಂದ ಬೀಸುವ ಗಾಳಿಯೆಂದರೆ ಅವಳಿಗೆ ಯಮನೇ ಬಂದ ಹಾಗೆ. ಊರಿಗೆಲ್ಲ ವಿಜ್ಞಾನ ಹೇಳುವ ನನಗೆ, ‘ಅಮ್ಮಾ, ಕಿಟಕಿ ತೆಗಿ’ ಎನ್ನುವ ಧೈರ್ಯ ಮಾತ್ರ ಇರಲಿಲ್ಲ. ‘ಆಸ್ಪತ್ರೆಯವರು ಕೂಸು ನೋಡೋಕೆ ಬರ್ತಾರಮ್ಮ’ ಎಂದಷ್ಟೇ ಹೇಳಿ, ಹೆರಿಗೆಯ ಹತ್ತು ದಿನದ ಪುರುಡು ಕಳೆದ ಮೇಲೆ ಎಲ್ಲರನ್ನೂ ಒಳಗೆ ಬಿಟ್ಟುಕೊಂಡೆ.

ಅಷ್ಟು ಜನರನ್ನು ಕಂಡದ್ದೇ ನನಗೆ ಉತ್ಸಾಹ ತಡೆಯಲಾಗಲಿಲ್ಲ. ಗೂಡಿನ ಹಣತೆಯನ್ನು ನೆಲಕ್ಕಿಳಿಸಿ, ಸ್ಕೂಲಿನಿಂದ ತಂದ ಗಾಜಿನ ಜಾಡಿಯನ್ನು ಅದರ ಮೇಲೆ ಬೋರಲು ಹಾಕಿ, ‘ನೋಡ್ತಾ ಇರಿ!’ ಎಂದೆ. ದೀಪದ ಕುಡಿ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಆಗ ಹೊಳೆಯಿತು ನನಗೆ, ಇದು ಬಾಣಂತಿ ಕೋಣೆಯ ದೀಪ! ನಮ್ಮ ಕಡೆ ದೀಪ ಆರಿಸುವುದಿರಲಿ, ಆ ಮಾತನ್ನೂ ಆಡುವುದಿಲ್ಲ. ಆರಿಸಲೇಬೇಕಾದಾಗಲೂ ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ನಾನು ಕೈಚಾಚುವಷ್ಟರಲ್ಲಿ ಅಮ್ಮ, ‘ಅಯ್ಯೋ ಮನೆಹಾಳ! ಕೂಸಿರೋ ಮನೆ ದೀಪ ಕಣೋ!’ ಎಂದು ನುಗ್ಗಿ ಬಂದು ಜಾಡಿಯನ್ನು ಎತ್ತಿಬಿಟ್ಟಳು. ಕುಡಿ ಒಮ್ಮೆ ನಡುಗಿ, ಮತ್ತೆ ನೆಟ್ಟಗೆ ನಿಂತಿತು.

ಅಮ್ಮ ಜಾಡಿಯನ್ನು ನೋಡಿದಳು, ದೀಪವನ್ನು ನೋಡಿದಳು. ‘ಏನಾಗಿತ್ತೋ ಇದಕ್ಕೆ?’

‘ಗಾಳಿ ಸಾಲಲಿಲ್ಲ ಕಣಮ್ಮ.’

ಅವಳ ಕಣ್ಣು ಕೂಸಿನ ಕಡೆ ಹೋಯಿತು, ಆಮೇಲೆ ಕೆಂಡದ ಕಡೆ, ಆಮೇಲೆ ಕಿಟಕಿಯ ಕಡೆ. ‘ಇಷ್ಟು ದಿನ ಹೇಳೋಕೆ ಏನ್ ದಾಡಿ ಆಗಿತ್ತೋ ನಿಂಗೆ?’ ಎಂದು ಬಯ್ಯುತ್ತಲೇ ಹೋಗಿ ಗೋಣಿತಾಟನ್ನು ಕಿತ್ತೆಸೆದಳು. ಬೆಳಕೂ ಗಾಳಿಯೂ ಒಟ್ಟಿಗೇ ನುಗ್ಗಿದವು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ!

ಪರೀಕ್ಷೆಯ ದಿನ ದೊಡ್ಡ ಡಾಕ್ಟರು ರಂಗಮ್ಮನಿಗೆ ಕಿಟಕಿಯ ಪ್ರಶ್ನೆಯನ್ನೇ ಕೇಳಿದರು. ‘ದೀಪಕ್ಕೂ ಕೂಸಿಗೂ ಒಂದೇ ಗಾಳಿ ಸ್ವಾಮಿ. ಕೋಣೆ ಮುಚ್ಚಿಟ್ರೆ ಕೂಸಿಗೇ ಸಾಲಲ್ಲ, ಕೆಂಡ ಬೇರೆ ಅದ್ರಲ್ಲೇ ಪಾಲು ಕೇಳ್ತದೆ’ ಎಂದಳು. ಡಾಕ್ಟರಮ್ಮ ನನ್ನತ್ತ ನೋಡಿ ಹುಬ್ಬೇರಿಸಿದರು. ರಂಗಮ್ಮ ಪಾಸಾದಳು, ಮಗಳೊಂದಿಗೆ ಅಜ್ಜಂಪುರದಲ್ಲಿ ಬೇರೆ ಮನೆ ಮಾಡಿದಳು.

ಜಾಡಿ ಮಾತ್ರ ಸ್ಕೂಲಿಗೆ ವಾಪಸು ಬರಲೇ ಇಲ್ಲ. ಅಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಣಂತಿಯರಿರುವ ಮನೆಗಳಿಗೆಲ್ಲ ಹೋಗಿ ಕಿಟಕಿ ತೆಗೆಸುತ್ತಾಳೆ. ಮೊನ್ನೆ ಪುಷ್ಯದ ಚಳಿಗೆ ನನಗೆ ನೆಗಡಿಯಾಗಿ, ಹಜಾರದ ಕಿಟಕಿಯನ್ನು ಮೆಲ್ಲಗೆ ಮುಚ್ಚಿದೆ. ಒಳಗಿಂದ ಅಮ್ಮನ ದನಿ ಬಂತು: ‘ಏನಪ್ಪಾ ಮೇಷ್ಟ್ರೇ, ಜಾಡಿ ತರ್ಲಾ?’

ಸೀನುತ್ತಾ ಎದ್ದು ಕಿಟಕಿ ತೆಗೆದೆ.