ನಗಸಾಂವನ ನಗದ ಮಾರಿ

ಮಂದಿನ್ನ ನಗಸೋ ಉದ್ಯೋಗಕ್ಕ ಬಿದ್ದಾಂವಗ ಇಂಥಾವು ಆಗ್ತಾನೇ ಇರ್ತಾವ ನೋಡ್ರಿ. ಆಳಂದ, ಜೇವರ್ಗಿ, ಅಫಜಲಪುರ ಕಡಿ ಎಲ್ಲಿ ಕರದರೂ ಹೋಗಿ ಮೈಕ್ ಮುಂದ ನಿಂದರಾಂವ ನಾ. ಒದರಂಗಿಲ್ಲ, ಕುಣ್ಯಾಂಗಿಲ್ಲ. ಮಾತು ಅರ್ಧಕ್ಕ ತಡದು, ಮಾರಿ ಒಂದೀಟೂ ಅಳ್ಳಾಡ್ಸದ ಮಂದೀನ್ನ ನೋಡ್ತೇನಿ. ಅವರಿಗಿ ಮೊದಲು ಅಂಜಿಕಿ ಬರ್ತದ, ಆಮ್ಯಾಲ ನಗಿ ಬರ್ತದ. ಅಷ್ಟೇ ನನ್ನ ವಿದ್ಯೆ.

ಆಳಂದದ ಮೌನ

ತೊಗರಿ ವ್ಯಾಪಾರಸ್ತರ ಕಾರ್ಯಕ್ರಮ. ಕಡೀ ಮಾತಿಗಿ ಮುಂಚೆ ತಡದು ನಿಂತೆ. ಯಾರೂ ನಗಲಿಲ್ಲ. ಇನ್ನೂ ತಡದೆ. ಕೆಮ್ಮೋರು ಸೈತ ಕೆಮ್ಮು ನುಂಗಿಕೊಂಡ್ರು. ಅಷ್ಟು ಮಂದಿ ಕಣ್ಣು ಮಿಟುಕಿಸದ ನನ್ನೇ ನೋಡೂದು ಕಂಡು ನಂಗೇ ಅಂಜಿಕಿ ಬಂತು. ಮುಂದಿನ ಸಾಲಿನಾಗ ಕುಂತಿದ್ದ ಮುದುಕ ಸಾವಕಾರ ಎದ್ದ. ಸಾವಕಾಶ ಮೆಟ್ಟಲ ಹತ್ತಿ ಬಂದು ನನ್ನ ಮೂಗಿನ ಮುಂದ ಕೈ ಹಿಡಿದ. ಆಮ್ಯಾಲ ಮಂದಿ ಕಡಿ ತಿರುಗಿ, "ಉಸಿರು ಅದರಿ, ಯಾರೂ ಗಾಬರಿ ಆಗಬ್ಯಾಡ್ರಿ" ಅಂದ.

ಅವತ್ತ ಬಿದ್ದ ನಗಿ ನನ್ನ ಜೋಕಿಗಿ ಯಾವತ್ತೂ ಬಿದ್ದಿಲ್ಲ.

ಜೇವರ್ಗಿಯ ಕನ್ನಡಿ

ಕ್ಷೌರದ ಅಂಗಡಿ ಚಾಚಾ ನನ್ನ ಮೀಸಿ ಕತ್ತರಸಾಕತ್ತಿದ್ದ. ಎರಡೂ ಕಡಿ ಸಮ ಅದನೋ ಇಲ್ಲೋ ನೋಡ್ಬೇಕು, ಜರಾ ನಗ್ರಿ ಅಂದ. ನಕ್ಕೆ. ಕನ್ನಡಿಯಾಗ ತುಟಿ ಸರದು ಹಲ್ಲು ಕಂಡವು, ನಗಿ ಕಾಣಲಿಲ್ಲ. ಇನ್ನೊಮ್ಮೆ ನೋಡ್ದೆ, ಅದೇ ಕಥಿ. ಯಾರೋ ಬ್ಯಾರೆ ಮನಷ್ಯಾ ನನ್ನ ಹಲ್ಲು ತೋರ್ಸಿ ನನ್ನೇ ನೋಡಾಕತ್ತಂಗಿತ್ತು. ಚಾಚಾ ಕತ್ತರಿ ಹಿಡಕೊಂಡು ಹಿಂದ ಸರದ. "ಬ್ಯಾಡ್ರಿ ಭಾಯಿ, ಮೊದಲಿಂದೇ ಛಲೋ ಇತ್ತು" ಅಂದ.

ಮನಿಗಿ ಬಂದು ಹೇಣ್ತಿ ಮುಂದ ಹೇಳಿದೆ. ನೀವು ನಕ್ಕು ಯಾವ ಕಾಲ ಆಯ್ತು, ನಿಮಗೀಗ ಗೊತ್ತಾತೇನು ಅಂದಳು. ಖರೇ ಹೇಳ್ತೇನಿ, ಅಂಜಿದೆ. ಮಂದೀನ್ನ ನಗಸಾಕ ಹೋಗಿ ನನ್ನ ನಗೀನೇ ಸತ್ತೋತೇನೋ ಅಂತ ಅವತ್ತಿಂದ ಒಳಗೊಳಗ ಕೊರಿಯಾಕತ್ತಿತ್ತು.

ಕರಜಗಿಯ ಕುರ್ಚಿ

ಮಧ್ಯಾಹ್ನದ ಕಾರ್ಯಕ್ರಮ. ಊರವರು ನಂಗ ಹಣಿತುಂಬ ವಿಭೂತಿ ಬಳದು, ತಲಿಗಿ ಪಟಗಾ ಸುತ್ತಿ, ಶಾಲು ಹೊಚ್ಚಿ, ದೊಡ್ಡ ಹೂವಿನ ಹಾರ ಹಾಕಿ ಶಾಮಿಯಾನದ ಕೆಳಗ ಕುರ್ಚಿ ಮ್ಯಾಲ ಕುಂದರಿಸಿದ್ರು. ಮಂದಿ ಕೂಡೋತನಕ ಇರಲಿ ಅಂತ ಮೈಕಿನಾಗ ಭಜನಿ ಹಚ್ಚಿದ್ರು. ಮಾತಾಡೂಕಿಂತ ಮುಂಚೆ ಕಣ್ಣು ಮುಚ್ಚಿ, ಕಲ್ಲಿನಂಗ ಕುಂದರೂದು ನನ್ನ ರೂಢಿ.

ನಮ್ಮ ಲಿಂಗಾಯತರಾಗ ತೀರಿಕೊಂಡವರನ್ನ ಮಲಗಸಂಗಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಹಿಂಗೇ ಕುಂದರಿಸಿ ಮುಂದ ಭಜನಿ ಮಾಡ್ತಾರ. ತನ್ನ ಅಣ್ಣನ ಮಣ್ಣಿಗಿ ಮುಂದಿನ ಊರಿಗಿ ಹೊಂಟಿದ್ದ ಮುದುಕಿ ಒಬ್ಬಾಕಿ ಗಡಬಡಿಯಾಗ ಇಲ್ಲೇ ಬಸ್ ಇಳಿದಾಳ. ಶಾಮಿಯಾನ ಕಂಡದ, ಭಜನಿ ಕೇಳ್ಯದ, ನಾ ಕಂಡೇನಿ.

ನನ್ನ ಕಾಲಿಗಿ ಬಿದ್ದು, "ನನ್ನ ಮಾರಿ ನೋಡೂಕಿಂತ ಮುಂಚೆ ಹ್ಯಾಂಗ ಹೋದ್ಯೋ ಯಣ್ಣಾ" ಅಂತ ಹಾಡ್ಯಾಡ್ಕೊಂಡು ಅಳಾಕ ಹತ್ತಿದಳು. ಇದೇನೋ ನನ್ನ ಹೊಸ ಆಟ ಅಂತ ತಿಳಕೊಂಡು ಎದುರಿಗಿ ಕುಂತ ಮಂದಿ ಬಿದ್ದು ಬಿದ್ದು ನಗಾಕತ್ರು. ಕಣ್ಣು ತೆರದ್ರ ಮುದುಕಿ ಎದಿ ಒಡದು ಸಾಯ್ತಾಳ, ತೆರೀಲಿಲ್ಲಂದ್ರ ಅಳು ನಿಂದರಂಗಿಲ್ಲ. ಕಾಲ ಹಂತ್ಯಾಕ ಅಳು, ಎದುರಿಗಿ ನಗಿ, ನಡುವ ನಾ. ಖರೇನೇ ಸತ್ತೇನೋ ಏನೋ ಅನಿಸ್ತು.

ಅಷ್ಟರಾಗ ಆಕಿ ಸೆರಗಿಲೆ ನನ್ನ ಮಾರಿ ಒರಸಾಕ ಬಂದಳು. ತಡೀಲಿಕ್ಕಾಗದ ಕಣ್ಣು ತೆರದೆ. ಮುದುಕಿ ಅಂಜಲಿಲ್ಲ. ಹಂತ್ಯಾಕ ಬಗ್ಗಿ ದಿಟ್ಟಿಸಿ ನೋಡಿ, ನೀ ನಮ್ಮಣ್ಣ ಅಲ್ಲ ಅಂದಳು.

"ಅಲ್ಲಬೇ ಯವ್ವಾ, ನಾ ಇನ್ನಾ ಜೀವಂತ ಅದೀನಿ."

"ಇದ್ದೀಯೇನು? ನಮ್ಮಣ್ಣ ಸತ್ತು ಕುಂತ್ರೂ ಮಾರಿ ಮ್ಯಾಲ ಇದಕಿಂತ ಕಳಾ ಇರ್ತದ ನೋಡಪ್ಪಾ."

ಹೊಟ್ಟ್ಯಾಗಿಂದ ಏನೋ ಒದ್ದುಕೊಂಡು ಬಂತು. ಹೋ ಅಂತ ನಕ್ಕೆ. ಪಟಗಾ ಬಿತ್ತು, ಕಣ್ಣಾಗ ನೀರು ಬಂದ್ವು, ನಿಂದರಸಾಕೇ ಆಗಲಿಲ್ಲ. ಮುದುಕಿ ನನ್ನ ಕೊಳ್ಳಾಗಿನ ಹಾರ ಮೆಲ್ಲಕ ತಗದು ತನ್ನ ಚೀಲದಾಗ ಇಟಗೊಂಡಳು.

"ನಗಾಕತ್ತಿ ಅಂದ್ರ ನಿಂಗ ಇದು ಬ್ಯಾಡ. ನಮ್ಮಣ್ಣಗ ಹಾಕ್ತೇನಿ."