ಮಲಗಿಸುವವಳಿಗೆ ಐಸಿಯು ಯಾಕೆ?

ಆಪರೇಶನ್‌ಗೆ ಮುಂಚೆ ರೋಗಿಯ ಪ್ರಜ್ಞೆ ತಪ್ಪಿಸುವ ಡಾಕ್ಟರು ನಾನು. ಕಾರವಾರದಲ್ಲಿ ಹದಿಮೂರು ವರ್ಷದಿಂದ ಇದೇ ಕೆಲಸ. "ನಿಜವಾದ ಡಾಕ್ಟರು ಎಲ್ಲಿ?" ಅಂತ ಯಾರೂ ಕೇಳದ ವಾರ ಒಂದೂ ನೆನಪಿಲ್ಲ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುವವಳೂ ನಾನೇ. ಅಲ್ಲಿನ ಮುಖ್ಯಸ್ಥರ ಹುದ್ದೆ ಖಾಲಿಯಾಯ್ತು, ಅರ್ಜಿ ಹಾಕಿದೆ. ತಲೆಬಿಸಿ ಶುರುವಾಗಿದ್ದೇ ಆಗ.

೧. ಪಕ್ಕದ ಮನೆ

ಕೋಡಿಬಾಗದ ನಮ್ಮ ಪಕ್ಕದ ಮನೆಯ ಅಜ್ಜಿಗೆ ಸುದ್ದಿ ಹೇಳಿದೆ. ಅವರು ಮೀನು ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಎಂತ ಬಾಯ್, ಮಲಗ್ಸೋರಿಗೆ ಐಸಿಯುದಲ್ಲಿ ಎಂತ ಕೆಲ್ಸ? ಅಲ್ಲಿ ಎಲ್ಲಾರೂ ಮೊದ್ಲೇ ಮಲ್ಗೇ ಇರ್ತಾರಲೆ!"

೨. ಜರ್ಮನಿ, ಆಸ್ಟ್ರೇಲಿಯಾ, ಅಂಕೋಲೆ

ಆಡಳಿತಾಧಿಕಾರಿ ಅಂಕೋಲೆಯವರು. ಐಸಿಯು ತರಬೇತಿಯ ಸರ್ಟಿಫಿಕೇಟ್ ಕೇಳಿದರು. ನಾನು ವಿವರಿಸಿದೆ: ಜರ್ಮನಿಯಲ್ಲಿ ಅರಿವಳಿಕೆ ಕಲಿಯುವಾಗಲೇ ಐಸಿಯುನಲ್ಲೂ ಕಲಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಅದು ಬೇರೆಯದೇ ಶಾಖೆ. ನಮ್ಮಲ್ಲಿ ಎಂ.ಡಿ. ಮುಗಿಸಿ ಮತ್ತೆ ಕೋರ್ಸ್ ಮಾಡಬೇಕು. ಇಡೀ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವಳು ನಾನೊಬ್ಬಳೇ, ಬಿಟ್ಟು ಹೋಗುವುದು ಹೇಗೆ ಮಾರಾಯ್ರೆ?

ಅವರು ಎಲ್ಲ ಬರೆದುಕೊಂಡರು. ಆಮೇಲೆ ಗಂಭೀರವಾಗಿ ಕೇಳಿದರು: "ಹಂಗಾರೆ ಮೇಡಂ, ಜರ್ಮನಿಯವ್ರ ಹತ್ರ ಒಂದು ಪತ್ರ ತರ್ತೀರಾ?"

೩. ಸಂದರ್ಶನ

ಸಮಿತಿಯ ಅಧ್ಯಕ್ಷರು ಅರ್ಜಿ ತಿರುವಿ ಹಾಕಿ, "ನೀವು ಐಸಿಯುನಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ?" ಅಂದರು.

ನನಗೆ ತಡೆಯಲಾಗಲಿಲ್ಲ. "ನೀವೇ ಸರ್. ಹೋದ ವರ್ಷ ನ್ಯುಮೋನಿಯಾ ಆಗಿ ಐದು ದಿನ ವೆಂಟಿಲೇಟರ್ ಮೇಲಿದ್ರಲ್ಲ, ಪಕ್ಕದಲ್ಲೇ ನಿಂತು ನೋಡ್ಕೊಂಡಿದ್ದು ನಾನು."

"ಹೌದಾ? ನಿಮ್ಮನ್ನ ನೋಡಿದ ನೆನಪೇ ಇಲ್ಲ!"

"ನೆನಪಿದ್ರೆ ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತ ಅರ್ಥ ಸರ್. ಮನೆಗೆ ಹೋಗೋವಾಗ ನಿಮ್ಮೋರು ಇಷ್ಟುದ್ದದ ಇಸ್ವಾಣ ಮೀನು ತಂದು ಕೊಟ್ರು. ಯಾರಿಗೆ? ದಿನಕ್ಕೊಮ್ಮೆ ಬಂದು ಹೋಗ್ತಿದ್ದ ದೊಡ್ಡ ಡಾಕ್ಟರಿಗೆ!"

ಆ ಮೀನಿನ ಹೊಟ್ಟೆಕಿಚ್ಚು ನನಗೆ ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ.

ಅಧ್ಯಕ್ಷರು ನಾಚಿಕೊಂಡು ಪೆನ್ನು ತೆಗೆದು ನನ್ನ ನೇಮಕಕ್ಕೆ ಸಹಿ ಹಾಕಿದರು. "ಛೆ, ಎಚ್ಚರ ಆದ ದಿನವೇ ಹೇಳಬಾರದಿತ್ತಾ ಮೇಡಂ?"

"ಹೇಳೋಕೆ ಅಂತ್ಲೇ ಬಂದೆ ಸರ್. ನೀವು ಕಣ್ಣು ಬಿಟ್ಟು ನನ್ನ ಮುಖ ನೋಡಿದ್ರಿ. 'ಸಿಸ್ಟರ್, ನಿಜವಾದ ಡಾಕ್ಟರು ಎಷ್ಟೊತ್ತಿಗೆ ಬರ್ತಾರೆ?' ಅಂದ್ರಿ."